ಬೀಗರ ಮನೆಯ ದ್ರಾಕ್ಷಾಸವ

ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಪಾನಕರಸನ್ಯಾಯವೆಂಬ ಮಾತು ಹೊಸದಲ್ಲ. ಬೆಲ್ಲ, ಮೆಣಸು, ಏಲಕ್ಕಿ, ಶುಂಠಿ, ನಿಂಬೆಯ ಹುಳಿ, ಇವುಗಳಲ್ಲಿ ಒಂದೊಂದಕ್ಕೂ ಅದರದರ ರುಚಿಯುಂಟು. ಆದರೆ ಇವೆಲ್ಲವೂ ತಕ್ಕ ಪ್ರಮಾಣದಲ್ಲಿ ನೀರಿನೊಡನೆ ಕೂಡಿ ಪಾನಕವಾದಾಗ ನಾಲಗೆಗೆ ತೋರತಕ್ಕ ರುಚಿಯು ಬೆಲ್ಲದ್ದೂ ಅಲ್ಲ, ಮೆಣಸಿನದೂ ಅಲ್ಲ. ಅವೆಲ್ಲಕ್ಕಿಂತ ಬೇರೆಯಾದ, ಅಖಂಡವಾದ ಒಂದು ರುಚಿ. ನಾಟಕವನ್ನು ನೋಡುವ ಸಹೃದಯನ ಮನಸ್ಸಿನಲ್ಲಿ ವಿಭಾವಾನುಭಾವಗಳೆಲ್ಲವೂ ಕೂಡಿ ಉಂಟಾಗುವ ರಸವೂ ಇಂಥದೇ ಎಂದು ನಮ್ಮ ಹಿರಿಯರು ನಿರ್ಣಯಿಸಿದರು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅಡುಗೆಯ ವ್ಯಂಜನಗಳ ದೃಷ್ಟಾಂತವನ್ನು ಕೊಟ್ಟನು. ಮಮ್ಮಟನು ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಅಭಿನವಗುಪ್ತಾಚಾರ್ಯರ ಮತವನ್ನು ಸಂಗ್ರಹಿಸುವಾಗ ಪಾನಕವನ್ನೇ ಹೆಸರಿಸಿದನು. ಪ್ರೌಢಶಾಲೆಯ ಹುಡುಗರಿಗೆ ಮಮ್ಮಟನು ಪಠ್ಯವಲ್ಲ. ಆದಾಗ್ಯೂ ಶ್ರೀರಾಮನವಮಿಯ ಮರುದಿನ, ಪಾನಕದ ನೆನಪು ಹುಡುಗರ ನಾಲಗೆಯಿಂದ ಆರುವ ಮೊದಲು, ಈ ನ್ಯಾಯವನ್ನು ಅವರಿಗೆ ವಿವರಿಸದೆ ನಾನು ಬಿಟ್ಟ ವರ್ಷವಿಲ್ಲ.

ಈ ನ್ಯಾಯಕ್ಕೆ ಇನ್ನೊಂದು ಪುಷ್ಟವಾದ ಉದಾಹರಣೆಯು ನನಗೆ ನಿವೃತ್ತಿಯ ತರುವಾಯ, ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಕೆಂಪು ವೈನಿನ ಬಟ್ಟಲೊಂದರಲ್ಲಿ ದೊರೆಯಿತೆಂದರೆ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುವರು. ಮನೆಮಂದಿಯೆಲ್ಲ ಓದತಕ್ಕ ಪತ್ರಿಕೆಯಲ್ಲಿ ಮೇಷ್ಟರಾಗಿದ್ದವನೊಬ್ಬನು ಮದ್ಯದ ಮಾತನ್ನೆತ್ತುವುದೇ ಎಂದು ಕೇಳಿದರೆ ಅವರ ಪ್ರಶ್ನೆ ಅನ್ಯಾಯವಾದದ್ದಲ್ಲ. ಆದಕಾರಣ ನನ್ನ ಸ್ಥಿತಿಯನ್ನು ಮೊದಲೇ ಹೇಳಿಬಿಡುವುದು ಲೇಸು. ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಉಪಾಧ್ಯಾಯನಾಗಿದ್ದವನು. ೨೦೦೭ನೆಯ ಇಸವಿಯ ಜುಲೈ ತಿಂಗಳಿನಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಅದಕ್ಕೆ ಹಿಂದಿನ ಹದಿನೆಂಟು ವರ್ಷಗಳನ್ನು ನಾನು ಶಾಲೆಯ ಜಗಲಿಯಿಂದ ಕಂಡಿದ್ದೇನೆ. ತೋಟದ ಕೆಲಸದವರಿಗೆ ಶನಿವಾರ ಬಟವಾಡೆ. ಸೋಮವಾರ ತರಗತಿಯಲ್ಲಿ ಯಾರ ಮಗ್ಗುಲು ಖಾಲಿಯಿದೆಯೆಂದು ನೋಡಿದರೆ ಯಾವ ಮನೆಯ ಕೂಲಿ ಅಂಗಡಿಗೆ ಸಂದಿತೆಂಬುದು ತಿಳಿಯುತ್ತಿತ್ತು. ಸಂಸ್ಕೃತದಲ್ಲಿ ನನಗಿಂತಲೂ ಚುರುಕಾಗಿದ್ದ ಒಬ್ಬ ಹುಡುಗನು ತಾಯಿ ಪರೀಕ್ಷೆಯ ಶುಲ್ಕಕ್ಕೆಂದು ಡಬ್ಬಿಯಲ್ಲಿ ಕೂಡಿಟ್ಟ ಹಣವು ಹಾಗೆ ಕರಗಿದ ಮೇಲೆ ಶಾಲೆಯ ಕಡೆಗೆ ಮತ್ತೆ ಬರಲಿಲ್ಲ. ಧರ್ಮಶಾಸ್ತ್ರದ ನಿಷೇಧಕ್ಕಿಂತಲೂ ಆ ಹುಡುಗನ ಖಾಲಿ ಜಾಗವೇ ನನ್ನನ್ನು ಮದ್ಯದಿಂದ ದೂರವಿಟ್ಟದ್ದು. ನಾನು ಯಾರೆದುರಿಗೂ ಪ್ರತಿಜ್ಞೆ ಮಾಡಿದವನಲ್ಲ; ಪ್ರತಿಜ್ಞೆ ಬೇಕಾಗಲಿಲ್ಲ.

ಹಾಗೆಂದು ದ್ರಾಕ್ಷಿಯ ಮದ್ಯವು ನಮ್ಮ ಭಾಷೆಗೆ ಅಪರಿಚಿತವಾದದ್ದೆಂದು ಹೇಳಲಾಗದು. ಮೃದ್ವೀಕಾ ಎಂದರೆ ದ್ರಾಕ್ಷಿ, ಅದರಿಂದಾದದ್ದು ಮಾರ್ದ್ವೀಕ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವನ್ನು ನೋಡಿದರೆ, ದ್ರಾಕ್ಷಾರಸದ ಮದ್ಯಕ್ಕೆ ಅದು ಹುಟ್ಟಿದ ದೇಶದಿಂದಲೇ ಹೆಸರು ಬರುವುದೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂದು ಎರಡು ಹೆಸರುಗಳನ್ನು ಕೊಟ್ಟಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇಂದು ಬೊರ್ದೋ ಎಂದೂ ಮೈಪೋ ಎಂದೂ ಊರುನದಿಗಳ ಹೆಸರಿನಿಂದಲೇ ವೈನನ್ನು ಕರೆಯತಕ್ಕ ಪದ್ಧತಿಯು ಅದೇ ಅಲ್ಲವೇ? ಇನ್ನು ನಮ್ಮ ಮನೆಗಳ ಗೂಡಿನಲ್ಲಿರುವ ದ್ರಾಕ್ಷಾರಿಷ್ಟದ ಮಾತು. ಅದನ್ನು ಹೊರಗಿನಿಂದ ಮದ್ಯ ಬೆರಸಿ ಮಾಡುವುದಿಲ್ಲವೆಂಬುದು ನಿಜ. ಆದರೆ ಹುದುಗುವಾಗ ಅದರೊಳಗೇ ಸ್ವಲ್ಪ ಹುಟ್ಟಿಕೊಳ್ಳುವುದು. ಬಾಣಂತಿಗೆ ಚಮಚದಲ್ಲಿ ಕೊಡುವ ಅಜ್ಜಿಯರು ಈ ರಹಸ್ಯವನ್ನು ಅರಿಯದವರೇನೂ ಅಲ್ಲ.

ನನ್ನ ಮಗನು ಚಿಲಿಯ ರಾಜಧಾನಿಯಾದ ಸಾಂತಿಯಾಗೋ ನಗರದಲ್ಲಿ ಕೆಲಸದಲ್ಲಿದ್ದಾನೆ. ೨೦೧೭ರಲ್ಲಿ ಆತನು ಅಲ್ಲಿಯ ಕನ್ಯೆಯನ್ನೇ ವಿವಾಹವಾದನು. ಆ ಕಾಲಕ್ಕೆ ನನ್ನ ತಾಯಿಯವರು ಹಾಸಿಗೆ ಹಿಡಿದಿದ್ದುದರಿಂದ ನಾವು ಹೋಗಲಾಗಲಿಲ್ಲ. ಆಮೇಲೆ ರಜೆ ಇರಲಿಲ್ಲ. ತರುವಾಯ ೨೦೨೦ರಲ್ಲಿ ಬಂದ ಮಹಾವ್ಯಾಧಿಯು ಎಲ್ಲರ ಪ್ರಯಾಣಗಳನ್ನೂ ತಡೆಯಿತು. ಹೀಗೆ ಎಂಟು ವರ್ಷಗಳ ಕಾಲ ನಾವು ಬೀಗರ ಮುಖವನ್ನು ಗಾಜಿನ ಪರದೆಯ ಮೇಲೆ ಮಾತ್ರ ಕಂಡೆವು. ನಮ್ಮಲ್ಲಿ ಬೀಗರೂಟವಾಗದ ಮದುವೆಯು ಮುಗಿದ ಲೆಕ್ಕವಲ್ಲ. ಈ ಸಂಗತಿಯನ್ನು ಮಗನು ಎಂದೋ ಮಾತಿಗೆ ಮಾವನವರಿಗೆ ಹೇಳಿದ್ದನಂತೆ. ಅವರು ಅದನ್ನು ನಮಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಮದುವೆಯ ವರ್ಷವೇ ಒಂದು ಶೀಸೆ ವೈನನ್ನು ಕೊಂಡು, ಬೀಗರು ಬಂದ ದಿವಸ ತೆರೆಯತಕ್ಕದ್ದೆಂದು, ಬೆಳಕು ತಾಗದ ತಂಪಾದ ಕಪಾಟಿನಲ್ಲಿ ಮಲಗಿಸಿಟ್ಟಿದ್ದರು. ಅವರೂ ನನ್ನಂತೆ ಉಪಾಧ್ಯಾಯರಾಗಿ ನಿವೃತ್ತರಾದವರು. ಆ ಶೀಸೆಯ ಬೆಲೆಗೆ ನಮ್ಮ ಮನೆಗೆ ಐದಾರು ತಿಂಗಳ ಅಕ್ಕಿ ಬರುವುದು.

೨೦೨೫ನೆಯ ಇಸವಿಯ ಮಾರ್ಚ್ ತಿಂಗಳಿನ ಕೊನೆಯಲ್ಲಿ ನಾವು ಅಲ್ಲಿಗೆ ಹೋದೆವು. ನಮ್ಮ ವಸಂತ ಅಲ್ಲಿಯ ಶರತ್ಕಾಲ. ದ್ರಾಕ್ಷಿಯ ಕೊಯಿಲಿನ ಕಾಲ. ಏಪ್ರಿಲ್ ೬ರಂದು ಭಾನುವಾರ ಶ್ರೀರಾಮನವಮಿ ಬಂದಿತು. ನಮ್ಮ ಮನೆಯಾಕೆ ಊರಿನಿಂದ ಏಲಕ್ಕಿ, ಮೆಣಸು, ಒಣಶುಂಠಿಗಳನ್ನು ಕಟ್ಟಿಕೊಂಡು ಬಂದಿದ್ದಳು. ಬೆಲ್ಲಕ್ಕೇನು ಗತಿಯೆಂದು ಚಿಂತಿಸುತ್ತಿರುವಾಗ ಸೊಸೆಯು ಅಂಗಡಿಯಿಂದ ಚಂಕಾಕಾ ಎಂಬ ಕಂದುಬಣ್ಣದ ಗಟ್ಟಿಯನ್ನು ತಂದಿಟ್ಟಳು. ಮುರಿದು ಬಾಯಿಗೆ ಹಾಕಿಕೊಂಡರೆ ನಮ್ಮ ಅಚ್ಚುಬೆಲ್ಲವೇ! ಕಬ್ಬಿನ ಹಾಲನ್ನು ಕಾಸಿದರೆ ಎಲ್ಲಿಯಾದರೂ ಬೆಲ್ಲವಲ್ಲದೆ ಮತ್ತೇನಾದೀತು? ನಿಂಬೆಯಂತೂ ಪೀಕಾ ಎಂಬ ಮರುಭೂಮಿಯ ಊರಿನದು. ಗಾತ್ರದಲ್ಲಿಯೂ ಹುಳಿಯಲ್ಲಿಯೂ ನಮ್ಮದರ ಒಡಹುಟ್ಟು. ಆ ದಿನ ಬೀಗರೂ ಬೀಗಿತ್ತಿಯೂ ಬಂದು ಪಾನಕ ಕುಡಿದರು. ಬೀಗರಿಗೆ ಮಧುಮೇಹವುಂಟು. ಅವರು ಹೆಂಡತಿಯ ಕಣ್ಣು ತಪ್ಪಿಸಿ ಎರಡನೆಯ ಲೋಟಕ್ಕೆ ಕೈಯೊಡ್ಡಿದ್ದನ್ನು ನಾನು ಕಂಡೂ ಕಾಣದಂತಿದ್ದೆನು. ಹೊರಡುವಾಗ, ಮುಂದಿನ ಭಾನುವಾರ ತಮ್ಮ ಮನೆಯಲ್ಲಿ ಊಟವೆಂದು ಹೇಳಿದರು. ಅದು ಬೀಗರೂಟವೆಂದು ತಿಳಿದು ನಮ್ಮ ಮನೆಯಾಕೆ ಪೆಟ್ಟಿಗೆಯ ತಳದಲ್ಲಿದ್ದ ಮದುವೆಯ ಸೀರೆಯನ್ನು ಹೊರತೆಗೆದಳು.

ಅವರ ಮನೆಯಿರುವುದು ಪುವೆಂತೆ ಆಲ್ತೋ ಎಂಬಲ್ಲಿ. ನಗರವು ಬೆಳೆಯುತ್ತ ಬೆಳೆಯುತ್ತ ಅದನ್ನು ಮುಟ್ಟಿದೆ. ಈಗ ಅಲ್ಲಿಯವರೆಗೂ ಮೆಟ್ರೋ ರೈಲು ಹೋಗುವುದು. ಮೂಡಲಲ್ಲಿ ಆಂಡೀಸ್ ಪರ್ವತ. ನಾವು ಪಶ್ಚಿಮಘಟ್ಟಗಳನ್ನು ನೋಡಿ ಬೆಳೆದವರಾದರೂ ಈ ಪರ್ವತದೆದುರು ಮಾತನ್ನು ಕಳೆದುಕೊಂಡೆವು. ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರ್ ಎತ್ತರದ ಆ ನೆಲವು ಮೈಪೋ ನದಿಯು ಹಿಂದೆಂದೋ ಹಾಸಿಟ್ಟ ಉರುಟುಕಲ್ಲುಗಳ ದಿಣ್ಣೆ. ನಮ್ಮ ರೈತನು ಅದನ್ನು ನೋಡಿದರೆ, ಇಲ್ಲಿ ಹುರುಳಿಯೂ ಏಳದೆಂದು ಹೇಳುವನು. ಆದರೆ ದ್ರಾಕ್ಷಿಯ ಬಳ್ಳಿಗೆ ಕೊಬ್ಬಿದ ನೆಲ ಬೇಡ. ನೀರು ನಿಲ್ಲದೆ ಬಸಿದುಹೋಗಬೇಕು, ಬೇರು ಆಳಕ್ಕಿಳಿದು ಹುಡುಕಬೇಕು. ಹಗಲೆಲ್ಲ ಬಿಸಿಲು; ರಾತ್ರಿ ಹಿಮಗಿರಿಯಿಂದ ಇಳಿಯುವ ತಣ್ಣನೆಯ ಗಾಳಿ. ಈ ಬಿಸಿತಂಪುಗಳ ನಡುವೆ ಹಣ್ಣು ನಿಧಾನವಾಗಿ ಮಾಗುವುದರಿಂದ ಸಿಹಿ ಕೂಡುತ್ತಿದ್ದರೂ ಹುಳಿ ಕಳೆಯುವುದಿಲ್ಲ. ಆ ಶೀಸೆಯಲ್ಲಿದ್ದ ವೈನು ಈ ಊರಿನ ತೋಟದ್ದೇ. ಹೆಸರು ಆಲ್ಮಾವಿವಾ, ಕೊಯಿಲು ೨೦೧೫ರದು.

ಫ್ರಾನ್ಸಿನ ಬೊರ್ದೋ ಪ್ರಾಂತದಲ್ಲಿ ವೈನಿಗೆ ಹೆಸರಾದ ಬಾರನ್ ಫಿಲಿಪ್ ದ ರಾಥ್‌ಶೀಲ್ಡ್ ಮನೆತನದವರೂ ಚಿಲಿಯ ಕೊಂಚಾ ಇ ತೋರೋ ಎಂಬ ದೊಡ್ಡ ಸಂಸ್ಥೆಯವರೂ ೧೯೯೭ರಲ್ಲಿ ಕೈಗೂಡಿಸಿ ಇದನ್ನು ಆರಂಭಿಸಿದರು. ಮೊದಲನೆಯ ವೈನು ೧೯೯೬ರ ಕೊಯಿಲಿನದು. ಆಲ್ಮಾವಿವಾ ಎಂಬುದು ಯಾವುದೋ ಹೊಳೆಯ ಹೆಸರಿರಬೇಕೆಂದು ನಾನು ಭಾವಿಸಿದ್ದೆನು. ಬೀಗರು ನಕ್ಕು, ಅದೊಂದು ನಾಟಕದ ಪಾತ್ರವೆಂದರು. ಹದಿನೆಂಟನೆಯ ಶತಮಾನದ ಫ್ರೆಂಚ್ ನಾಟಕಕಾರನಾದ ಬೋಮಾರ್ಶೆಯ ಕೌಂಟ್ ಆಲ್ಮಾವಿವಾ! ಶೀಸೆಯ ಮೇಲಿನ ಹೆಸರೂ ಆ ನಾಟಕಕಾರನ ಸ್ವಹಸ್ತಾಕ್ಷರದ ಪ್ರತಿಕೃತಿಯೇ ಅಂತೆ. ಆ ಚೀಟಿಯಲ್ಲಿರುವ ಚಿತ್ರವಾದರೋ, ಚಿಲಿಯ ಮೂಲನಿವಾಸಿಗಳಾದ ಮಾಪೂಚೆ ಜನರು ಪೂಜೆಯಲ್ಲಿ ಬಾರಿಸುವ ಕುಲ್ತ್ರೂನ್ ಎಂಬ ವಾದ್ಯದ ಮುಖದ್ದು. ಭೂಮಿಯನ್ನೂ ವಿಶ್ವವನ್ನೂ ಸೂಚಿಸತಕ್ಕ ರೇಖೆಗಳು. ಸೆವಿಲ್ಲಿನ ಕ್ಷೌರಿಕನ ಕಥೆಯಾದ ೧೭೭೫ರ ನಾಟಕದಲ್ಲಿ ಈ ಕೌಂಟನು ಪ್ರಿಯೆಗಾಗಿ ವೇಷ ಮರೆಸಿಕೊಂಡು ಬರುವ ನಾಯಕ. ೧೭೮೪ರಲ್ಲಿ ರಂಗಕ್ಕೆ ಬಂದ ಫಿಗರೋವಿನ ಮದುವೆಯ ಕಥೆಯಲ್ಲಿ ಅದೇ ಪ್ರಿಯೆಯನ್ನು ವಂಚಿಸಿ ದಾಸಿಯ ಹಿಂದೆ ಬಿದ್ದು ಪೆಟ್ಟು ತಿನ್ನುವವನು. ನಮ್ಮ ಲಕ್ಷಣಗ್ರಂಥಗಳ ಭಾಷೆಯಲ್ಲಿ ಹೇಳುವುದಾದರೆ ಮೊದಲು ಅನುಕೂಲನಾಯಕ, ಆಮೇಲೆ ಶಠನಾಯಕ. ಮದ್ಯಕ್ಕೆ ಇಂಥವನ ಹೆಸರಿಟ್ಟವರು ಯೋಚಿಸಿಯೇ ಇಟ್ಟಿರಬೇಕೆಂದು ನಾನೆಂದೆನು. ಬೀಗರಿಗೆ ಈ ಮಾತು ಬಹಳ ಹಿಡಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಲ್ಲ, ಬೆರಕೆ. ಇದು ಒಂದೇ ದ್ರಾಕ್ಷಿಯ ವೈನಲ್ಲ. ೨೦೧೫ರ ಶೀಸೆಯಲ್ಲಿ ನೂರಕ್ಕೆ ೬೯ ಪಾಲು ಕಾಬೆರ್ನೆ ಸೋವಿನ್ಯೋನ್, ೨೪ ಪಾಲು ಕಾರ್ಮೆನೇರ್, ೫ ಪಾಲು ಕಾಬೆರ್ನೆ ಫ್ರಾಂ, ೨ ಪಾಲು ಪೆತಿ ವೆರ್ದೋ ಎಂಬ ದ್ರಾಕ್ಷಿಗಳು ಕೂಡಿವೆ. ಇವನ್ನು ಒಟ್ಟಿಗೆ ಹಿಂಡುವುದಿಲ್ಲ. ಒಂದೊಂದನ್ನೂ ಅದು ಮಾಗಿದ ಕಾಲದಲ್ಲಿ ಕೊಯ್ದು, ಬೇರೆಬೇರೆಯಾಗಿ ಹುದುಗಿಸಿ, ಆಮೇಲೆ ಬಲ್ಲವರು ಕುಳಿತು ರುಚಿನೋಡಿ ಇಂತಿಷ್ಟು ಕೂಡತಕ್ಕದ್ದೆಂದು ನಿಶ್ಚಯಿಸುವರು. ಓಕ್ ಮರದ ಪೀಪಾಯಿಗಳಲ್ಲಿ ಒಂದೂವರೆ ವರ್ಷದಷ್ಟು ಕಾಲ ಕಳೆದ ಮೇಲೆಯೇ ಅದು ಶೀಸೆಗೆ ಇಳಿಯುವುದು. ಎರಡು ಪಾಲಿನ ಪೆತಿ ವೆರ್ದೋ ಏನು ಮಾಡೀತೆಂದು ಕೇಳುವವರು ಪಾನಕಕ್ಕೆ ಹಾಕುವ ಉಪ್ಪಿನ ಹರಳನ್ನು ನೆನೆಯಬಹುದು.

ಈ ನಾಲ್ವರಲ್ಲಿ ಕಾರ್ಮೆನೇರ್ ಎಂಬುದರ ಚರಿತ್ರೆಯು ನಮ್ಮ ವಿರಾಟಪರ್ವವನ್ನು ನೆನಪಿಗೆ ತರುವುದು. ಅದು ಮೂಲತಃ ಬೊರ್ದೋ ಪ್ರಾಂತದ ಬಳ್ಳಿ. ೧೮೬೦ರ ದಶಕದಿಂದ ಮೊದಲಾಗಿ ಫಿಲಾಕ್ಸೆರ ಎಂಬ ಅತಿಸೂಕ್ಷ್ಮವಾದ ಹೇನು ಬೇರನ್ನು ಹೀರಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಒಣಗಿಸಿತು. ಅಮೆರಿಕದ ಕಾಡುದ್ರಾಕ್ಷಿಯ ಬುಡಕ್ಕೆ ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸುವಾಗ, ಹೂವುದುರಿಸಿ ಕಡಿಮೆ ಫಲ ಕೊಡುವ ಕಾರ್ಮೆನೇರನ್ನು ಯಾರೂ ಕೇಳಲಿಲ್ಲ. ಅದು ಅಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಆದರೆ ಆ ಹೇನು ಬರುವುದಕ್ಕೆ ಮೊದಲೇ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಫ್ರೆಂಚ್ ಬಳ್ಳಿಗಳ ತುಂಡುಗಳು ಹಡಗಿನಲ್ಲಿ ಚಿಲಿಗೆ ಬಂದಿದ್ದವು. ಬಡಗಲಲ್ಲಿ ಆಟಕಾಮ ಮರುಭೂಮಿ, ಮೂಡಲಲ್ಲಿ ಆಂಡೀಸ್, ಪಡುವಲಲ್ಲಿ ಮಹಾಸಾಗರ, ತೆಂಕಲಲ್ಲಿ ಹಿಮ. ಈ ನಾಲ್ಕು ಕೋಟೆಗಳ ನಡುವೆ ಇಂದಿಗೂ ಆ ಹೇನು ಚಿಲಿಯ ತೋಟಗಳನ್ನು ಹೊಕ್ಕಿಲ್ಲ. ಆ ಬಳ್ಳಿಗಳ ಗುಂಪಿನಲ್ಲಿ ಕಾರ್ಮೆನೇರ್ ಮೆರ್ಲೋ ಎಂಬ ಬೇರೊಂದು ದ್ರಾಕ್ಷಿಯ ಹೆಸರಿನಲ್ಲಿ ಬೆಳೆಯುತ್ತಿತ್ತು. ಮೆರ್ಲೋ ಮಾಗಿದ ಕಾಲಕ್ಕೆ ಇದನ್ನೂ ಕೊಯ್ದು, ಇದೇಕೆ ಹಸಿರುಗಂಪು ಬೀರುತ್ತದೆಂದು ಜನರು ಬೇಸರಿಸುತ್ತಿದ್ದರು; ಇದು ಮಾಗುವುದಕ್ಕೆ ಇನ್ನೂ ಮೂರು ನಾಲ್ಕು ವಾರ ಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ೧೯೯೪ನೆಯ ಇಸವಿಯ ನವೆಂಬರ್ ೨೪ರಂದು ಜಾನ್ ಮಿಷೆಲ್ ಬೂರ್ಸಿಕೋ ಎಂಬ ಫ್ರೆಂಚ್ ಪಂಡಿತನು ಮೈಪೋ ಕಣಿವೆಯ ಕಾರ್ಮೆನ್ ತೋಟದಲ್ಲಿ ಅಡ್ಡಾಡುತ್ತ, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದನು. ಬೃಹನ್ನಳೆಯಾಗಿದ್ದವನು ಅರ್ಜುನನೆಂದು ತಿಳಿದಂತಾಯಿತು. ಪಾಂಡವರ ಅಜ್ಞಾತವಾಸ ಒಂದು ವರ್ಷದ್ದು. ಇದರದು ಶತಮಾನವನ್ನೂ ಮೀರಿದ್ದು. ಶರತ್ಕಾಲದಲ್ಲಿ ಇದರ ಎಲೆ ಕಡುಗೆಂಪಾಗುವುದರಿಂದ ಈ ಹೆಸರು. ಬೀಗರ ಹಿತ್ತಲಿನ ಚಪ್ಪರದಲ್ಲಿ ಒಂದು ಬಳ್ಳಿಯಿತ್ತು. ಅದರ ಎಲೆಗಳು ಆಗತಾನೆ ಕುಂಕುಮಕ್ಕೆ ತಿರುಗುತ್ತಿದ್ದವು.

ಊಟಕ್ಕೆ ಎರಡು ಗಂಟೆ ಮೊದಲು ಬೀಗರು ಶೀಸೆಯನ್ನು ಮೇಜಿನ ಮೇಲೆ ತಂದು ನಿಲ್ಲಿಸಿದರು, ತೆರೆಯಲಿಲ್ಲ. ಸೊಸೆಯು ನನ್ನ ಬಳಿಗೆ ಬಂದು ಮೆಲ್ಲನೆ, "ಮಾವ, ನಿಮಗೆ ಬೇಡವೆಂದರೆ ಅಪ್ಪ ಅದನ್ನು ಹಾಗೆಯೇ ಒಳಗಿಡುತ್ತಾರಂತೆ. ನೀವು ಮುಟ್ಟಿ ನೋಡಿದರೂ ಸಾಕಂತೆ" ಎಂದಳು. ಆಕೆಯ ಕನ್ನಡ ಎಂಟು ವರ್ಷದ್ದು. ಆದರೆ 'ಮುಟ್ಟಿ ನೋಡಿದರೂ ಸಾಕು' ಎಂಬ ಮಾತು ಎಷ್ಟು ವರ್ಷದ್ದೆಂದು ನಾನು ಹೇಳಲಾರೆ. ಬಲಾತ್ಕರಿಸಿದ್ದರೆ ನಾನು ಸುಲಭವಾಗಿ ಒಲ್ಲೆನೆನ್ನುತ್ತಿದ್ದೆನು. ಹೆಂಡತಿಯ ಕಡೆಗೆ ನೋಡಿದೆನು. "ನನ್ನನ್ನೇನು ನೋಡುತ್ತೀರಿ? ಅವರು ನಮ್ಮ ಪಾನಕ ಕುಡಿಯಲಿಲ್ಲವೇ?" ಎಂದಳು. ಆ ಖಾಲಿ ಜಾಗದ ಹುಡುಗನ ನೆನಪು ಆಗಲೂ ಬಂದಿತು. ಅವನ ತಂದೆಯು ಕುಡಿದದ್ದು ಮರೆಯುವುದಕ್ಕೆ. ಇಲ್ಲಿಯವರು ಎಂಟು ವರ್ಷ ಕಾದಿಟ್ಟದ್ದು ನೆನಪಿಗೆ. ಎರಡಕ್ಕೂ ಒಂದೇ ಹೆಸರು ಹಾಕುವುದು ನನ್ನ ಬುದ್ಧಿಗೆ ಒಪ್ಪಿಗೆಯಾಗಲಿಲ್ಲ. ಮಗುವಿನ ಒಳಲೆಯಲ್ಲಿ ಹಿಡಿಯುವಷ್ಟು ಸಾಕೆಂದು ಕೈಸನ್ನೆಯಿಂದ ತೋರಿಸಿದೆನು. ನಾನು ಯಾರಿಗೂ ಈ ದಾರಿಯನ್ನು ತೋರುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ.

ಹತ್ತು ವರ್ಷದ ಕೆಂಪು ವೈನಿನ ತಳದಲ್ಲಿ ಗಸಿ ಕೂತಿರುವುದು. ಬೀಗರು ಬಿರಡೆಯನ್ನು ತೆಗೆದು, ಶೀಸೆಯನ್ನು ಅಲುಗಿಸದೆ, ಅಗಲವಾದ ಗಾಜಿನ ಹೂಜಿಗೆ ಮೇಲಿನ ತಿಳಿಯನ್ನು ಬಗ್ಗಿಸಿದರು. ನಮ್ಮ ಮನೆಯಾಕೆ ಅದನ್ನು ನೋಡಿ, ತಿಳಿಸಾರು ಬಗ್ಗಿಸುವ ಕೈ ಎಂದು ಮೆಚ್ಚಿದಳು. ಗಾಳಿಯಾಡಲೆಂದು ಅದನ್ನು ಒಂದು ಗಂಟೆಗೂ ಹೆಚ್ಚು ಕಾಲ ಹಾಗೆಯೇ ಬಿಟ್ಟರು. ತರುವಾಯ ದೊಡ್ಡ ಹೊಟ್ಟೆಯ, ಕಿರಿದಾದ ಬಾಯಿಯ ಬಟ್ಟಲಿಗೆ ಕಾಲುಭಾಗದಷ್ಟು ಮಾತ್ರ ಸುರಿದರು. ಉಳಿದ ಮುಕ್ಕಾಲು ಕಂಪಿಗೆ ಮೀಸಲು. ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ನೋಡಿದರೆ ನಡುವೆ ನೇರಳೆಹಣ್ಣಿನ ಬಣ್ಣ, ಅಂಚಿನಲ್ಲಿ ಹಳೆಯ ಹೆಂಚಿನ ಛಾಯೆ. ಆ ಛಾಯೆಯೇ ವಯಸ್ಸಿನ ಗುರುತು. ಬಟ್ಟಲನ್ನು ಮೆಲ್ಲನೆ ತಿರುಗಿಸಿ ಮೂಗಿನ ಬಳಿಗೆ ಒಯ್ಯಬೇಕೆಂದು ತೋರಿಸಿಕೊಟ್ಟರು.

ಹಾಗೆ ಮಾಡಿದಾಗ ನನಗೆ ಮೊದಲು ಬಂದದ್ದು ಯಾವ ಹಣ್ಣಿನ ಕಂಪೂ ಅಲ್ಲ. ಆಗತಾನೆ ಕೆತ್ತಿದ ಪೆನ್ಸಿಲಿನದು! ಮೂವತ್ತಾರು ವರ್ಷ ಆ ವಾಸನೆಯ ನಡುವೆ ಬದುಕಿದವನಿಗೆ ಅದರಲ್ಲಿ ಸಂದೇಹವಿರಲಿಲ್ಲ. ಹೇಳಲು ಸಂಕೋಚವಾಯಿತು, ಹೇಳಿದೆನು. ಬೀಗರು ಮೇಜನ್ನು ತಟ್ಟಿ, ಕಾಬೆರ್ನೆ ದ್ರಾಕ್ಷಿಯ ಒಳ್ಳೆಯ ವೈನನ್ನು ವರ್ಣಿಸುವವರೆಲ್ಲರೂ ಹೇಳತಕ್ಕ ಮಾತೇ ಅದೆಂದರು. ಅವರಿಗಂತೂ ಕಾಸಿಸ್ ಎಂಬ ಕಪ್ಪುಹಣ್ಣಿನ ಪರಿಮಳ ಕಂಡಿತು. ಅದನ್ನು ನಾನು ತಿಂದವನಲ್ಲ, ನನಗೆ ಅದು ನಮ್ಮ ಕಾಡಿನ ಕವಳಿಹಣ್ಣಾಗಿ ತೋರಿತು. ಹೆಂಡತಿಯು ಕುಡಿಯುವುದಿಲ್ಲವೆಂದು ಮೊದಲೇ ಹೇಳಿದ್ದಳು. ಮೂಸಿ ನೋಡುವುದಕ್ಕೇನೆಂದು ಬಟ್ಟಲನ್ನು ತೆಗೆದುಕೊಂಡಳು. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದು, "ಲವಂಗ ಇದೆ. ಕೆಂಡದ ಮೇಲೆ ಸುಟ್ಟ ದೊಣ್ಣೆಮೆಣಸಿನಕಾಯಿ ಇದೆ. ಹೊಗೆಸೊಪ್ಪು ಸ್ವಲ್ಪ. ಆಮೇಲೆ, ಮಳೆಬಿದ್ದ ಅಂಗಳ" ಎಂದಳು. ಸೊಸೆಯು ಅದನ್ನು ಸ್ಪ್ಯಾನಿಷ್ ಭಾಷೆಗೆ ತಿರುಗಿಸುತ್ತಿದ್ದಂತೆ ಬೀಗರು ಎದ್ದು ನಿಂತುಬಿಟ್ಟರು. ಲವಂಗದ ಕಂಪನ್ನು ಕೊಡುವ ದ್ರವ್ಯವು ಓಕ್ ಮರದಲ್ಲಿಯೂ ಇರುವುದರಿಂದ ಅದು ಪೀಪಾಯಿಯಿಂದ ಬಂದದ್ದು. ದೊಣ್ಣೆಮೆಣಸಿನಕಾಯಿಯ ವಾಸನೆಗೆ ಕಾರಣವಾದ ಪಿರಜೀನ್ ಎಂಬ ದ್ರವ್ಯವೇ ಕಾರ್ಮೆನೇರ್ ದ್ರಾಕ್ಷಿಯಲ್ಲಿಯೂ ಉಂಟು. ಹಣ್ಣು ಮಾಗಿದಷ್ಟೂ ಅದು ತಗ್ಗುವುದು, ಪೂರ್ತಿ ಹೋಗುವುದಿಲ್ಲ. ಅಜ್ಞಾತವಾಸದಲ್ಲಿದ್ದವನನ್ನು ಫ್ರೆಂಚ್ ಪಂಡಿತನು ಕಣ್ಣಿನಿಂದ ಗುರುತಿಸಿದನು. ನಮ್ಮ ಮನೆಯಾಕೆ ಮೂಗಿನಿಂದ ಗುರುತಿಸಿದಳು. ನಲವತ್ತು ವರ್ಷ ಒಗ್ಗರಣೆಯ ಮುಂದೆ ನಿಂತ ಮೂಗಿಗೆ ಬೇರೆ ಪಾಠಶಾಲೆ ಬೇಕಿಲ್ಲವೆಂದು ತೋರುತ್ತದೆ.

'ಸಲೂದ್' ಎಂದು ಬಟ್ಟಲುಗಳನ್ನು ತಾಗಿಸಿದರು. ಆರೋಗ್ಯವಾಗಿರಿ ಎಂದರ್ಥ. ಒಂದು ಗುಟುಕನ್ನು ಬಾಯಲ್ಲಿ ಹಿಡಿದು ನಾಲಗೆಯ ಮೇಲೆಲ್ಲ ಆಡಿಸಿದೆನು. ಸಿಹಿಯಾಗಿರುವುದೆಂಬ ನನ್ನ ನಿರೀಕ್ಷೆ ಹುಸಿಯಾಯಿತು. ಷಡ್ರಸಗಳಲ್ಲಿ ಎದ್ದು ನಿಂತದ್ದು ಕಷಾಯ, ಅಂದರೆ ಒಗರು. ಎಳೆಯ ಅಡಕೆಯ ಚೊಗರನ್ನು ಬಲ್ಲ ಮಲೆನಾಡಿನವರಿಗೆ ಈ ಒಗರನ್ನು ವಿವರಿಸಬೇಕಾದದ್ದಿಲ್ಲ. ದ್ರಾಕ್ಷಿಯ ಸಿಪ್ಪೆಬೀಜಗಳಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತಾಗುವುದು. ಎಳೆಯ ವೈನಿನಲ್ಲಿ ಅದು ಗರಗಸದ ಹಲ್ಲಿನಂತಿರುವುದೆಂದೂ ಹತ್ತು ವರ್ಷದಲ್ಲಿ ಸವೆದು ನಯವಾಗುವುದೆಂದೂ ಬೀಗರು ಹೇಳಿದರು. ಒಗರಿನ ಬೆನ್ನಿಗೆ ಹುಳಿ, ಅದರ ಬೆನ್ನಿಗೆ ಗಂಟಲಲ್ಲಿ ಮೆಣಸಿನಂಥ ಬೆಚ್ಚಗೆ. ನಿಜವನ್ನು ಹೇಳುವುದಾದರೆ ಈ ಮೊದಲನೆಯ ಗುಟುಕಿನಲ್ಲಿ ನಾನು ಕಂಡದ್ದು ಒಂದು ಪಟ್ಟಿ, ರುಚಿಯನ್ನಲ್ಲ. ಪೆನ್ಸಿಲ್, ಕವಳಿಹಣ್ಣು, ಲವಂಗ, ಒಗರು, ಹುಳಿ ಎಂದು ಹಾಜರಿ ಕರೆದಂತೆ ಒಂದೊಂದೂ ಎದ್ದು ನಿಂತು ಕೂತಿತು.

ವೈನನ್ನು ಹೊಗಳುವವರ ಬರಹಗಳನ್ನು ಮಗನು ನನಗೆ ಓದಿ ಹೇಳಿದ್ದುಂಟು. ಅವೂ ಹೀಗೆಯೇ, ಹತ್ತು ವಸ್ತುಗಳ ಹೆಸರನ್ನು ಹೇಳಿ, ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ಮುಗಿಸುವರು. ಕಾವ್ಯದಲ್ಲಿ ಉಪಮೆ ಎಷ್ಟು, ರೂಪಕ ಎಷ್ಟೆಂದು ಎಣಿಸಿ ರಸವನ್ನು ಮರೆತ ವ್ಯಾಖ್ಯಾನಕಾರರನ್ನು ನಾನು ಬಲ್ಲೆನಾದ್ದರಿಂದ ನನಗೆ ಆ ಪದ್ಧತಿಯಲ್ಲಿ ಗೌರವ ಕಡಮೆ. ಆದರೆ ಅಂಕ ಕೊಡುವವರಲ್ಲಿಯೂ ಒಂದು ಒಳ್ಳೆಯ ರೂಢಿಯುಂಟೆಂಬುದನ್ನು ಒಪ್ಪಬೇಕು. ೨೦೦೪ರ ಜನವರಿಯಲ್ಲಿ ಬರ್ಲಿನ್ ನಗರದಲ್ಲಿ ಯೂರೋಪಿನ ಪರೀಕ್ಷಕರು ಹೆಸರು ಮುಚ್ಚಿದ ಬಟ್ಟಲುಗಳಿಂದ ಫ್ರಾನ್ಸ್, ಇಟಲಿ, ಚಿಲಿ ದೇಶಗಳ ವೈನುಗಳನ್ನು ಹೋಲಿಸಿ ನೋಡಿದರು. ಮೊದಲನೆಯ ಸ್ಥಾನ ಚಿಲಿಯ ವಿನ್ಯೇದೋ ಚಾಡ್ವಿಕ್ ೨೦೦೦ಕ್ಕೂ ಎರಡನೆಯದು ಅದೇ ದೇಶದ ಸೆನ್ಯಾ ೨೦೦೧ಕ್ಕೂ ಬಂದಿತು. ಜಗತ್ಪ್ರಸಿದ್ಧವಾದ ಫ್ರಾನ್ಸಿನ ಲಫೀತ್ ೨೦೦೦ ಮೂರನೆಯದಾಯಿತು. ಅಲ್ಲಿಯವರೆಗೆ ಚಿಲಿಯ ವೈನೆಂದರೆ ಅಗ್ಗದ ಮಾಲೆಂದು ಮೂಗು ಮುರಿಯುತ್ತಿದ್ದವರು ಬಹಳ. ಹೆಸರು ಕಾಣದ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನಂಥವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಊಟಕ್ಕೆ ಕುಳಿತೆವು. ನಾವು ಮಾಂಸ ತಿನ್ನುವವರಲ್ಲವೆಂದು ಬೀಗಿತ್ತಿಯು ಪೊರೋತೋಸ್ ಗ್ರಾನಾದೋಸ್ ಎಂಬ ಅಡುಗೆ ಮಾಡಿದ್ದರು. ಹಸಿಯ ಹುರುಳಿಕಾಯಿಬೀಜ, ಮುಸುಕಿನ ಜೋಳ, ಸಿಹಿಗುಂಬಳಗಳನ್ನು ಕೂಡಿಸಿ ಬೇಯಿಸಿ ತುಳಸಿಯ ಜಾತಿಯ ಒಂದು ಎಲೆ ಹಾಕಿದ್ದು. ನಮ್ಮ ಕೂಟಿಗೆ ಕೊಬ್ಬರಿ ಮರೆತರೆ ಹೀಗಾಗುವುದು. ಜೊತೆಗೆ ಚೀಸು. ಚೀಸಿನ ಒಂದು ತುಂಡನ್ನು ತಿಂದು ಎರಡನೆಯ ಗುಟುಕನ್ನು ತೆಗೆದುಕೊಂಡಾಗ ಒಗರು ತಣ್ಣಗೆ ಅಡಗಿತು. ಅಷ್ಟುಹೊತ್ತಿಗೆ ಗಾಳಿಯೂ ತನ್ನ ಕೆಲಸ ಮಾಡಿತ್ತು. ನಾನು ಪೆನ್ಸಿಲನ್ನು ಹುಡುಕಿದೆನು, ಸಿಕ್ಕಲಿಲ್ಲ. ಲವಂಗವನ್ನು ಹುಡುಕಿದೆನು, ಇರಲಿಲ್ಲ. ಇದ್ದದ್ದು ಒಂದೇ. ಅದಕ್ಕೆ ಹೆಸರು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆನು. ನುಂಗಿದ ಮೇಲೆಯೂ ಅದು ಬಹಳ ಹೊತ್ತು, ತಂಬೂರಿಯ ತಂತಿಯನ್ನು ಬಿಟ್ಟಮೇಲೆ ನಾದ ಉಳಿದಂತೆ, ಉಳಿಯಿತು. ಪಾನಕರಸನ್ಯಾಯವನ್ನು ಅಷ್ಟು ವರ್ಷ ಪಾಠ ಹೇಳಿದ್ದ ನನ್ನ ಕಣ್ಣಿನಲ್ಲಿ ನೀರು ಬಂದಿತು. ಬೀಗರು ಅದನ್ನು ಒಗರಿನ ಪರಿಣಾಮವೆಂದು ತಿಳಿದಿರಬಹುದು. ಒಳಲೆಯ ಅಳತೆ ಅಲ್ಲಿಗೆ ಮುಗಿಯಿತು, ಮತ್ತೆ ಹಾಕಿಸಿಕೊಳ್ಳಲಿಲ್ಲ.

ಊಟದ ತರುವಾಯ ನಾನು ಉತ್ಸಾಹದಿಂದ ಈ ನ್ಯಾಯವನ್ನು ಎಲ್ಲರಿಗೂ ವಿವರಿಸಿದೆನು. ಮಗನು ಅರ್ಧವನ್ನೂ ಸೊಸೆಯು ಅರ್ಧವನ್ನೂ ಭಾಷಾಂತರಿಸಿದರು. ಬೆರಸುವವನು ಒಂದೊಂದನ್ನೂ ಬೇರೆಯಾಗಿ ಬಲ್ಲವನಾಗಿರಬೇಕು, ಸವಿಯುವವನು ಬೇರೆಯಾಗಿರುವುದನ್ನು ಮರೆಯತಕ್ಕವನು. ಕವಿಗೂ ಸಹೃದಯನಿಗೂ ಇರುವ ಭೇದವೇ ಇದೆಂದು ನಾನು ಹೇಳಿದೆನು. ಬೀಗರು ತಲೆದೂಗಿದರು. ನಮ್ಮ ಮನೆಯಾಕೆ ಮಾತ್ರ ಹೂಜಿಯ ಪಕ್ಕದಲ್ಲಿದ್ದ ಶೀಸೆಯನ್ನು ಬೆಳಕಿಗೆ ಹಿಡಿದು ತಳದ ಗಸಿಯನ್ನು ನೋಡುತ್ತಿದ್ದಳು.

"ಹಾಗಾದರೆ ಪಾನಕ ಮಾಡಿದವರು ಅದನ್ನು ಸವಿಯುವುದೇ ಇಲ್ಲವೋ?" ಎಂದಳು.

"ಏಕಿಲ್ಲ? ನೀನೂ ಕುಡಿಯುತ್ತೀಯಲ್ಲ!"

"ಕುಡಿಯುತ್ತೇನೆ. ದೇವರಿಗಾಯಿತು, ನಿಮಗಾಯಿತು, ಬಂದವರಿಗಾಯಿತು, ಆಮೇಲೆ. ನನ್ನ ಲೋಟಕ್ಕೆ ಬರುವುದು ಕೊಳದಪ್ಪಲೆಯ ತಳದ್ದು. ಅಲ್ಲಿ ಮೆಣಸು ಮೆಣಸಾಗಿಯೇ, ಶುಂಠಿ ಶುಂಠಿಯಾಗಿಯೇ ಕೂತಿರುತ್ತದೆ. ನಿಮ್ಮ ಮಮ್ಮಟ ಕುಡಿದದ್ದು ಮೇಲಿನ ತಿಳಿಯಿರಬೇಕು."

ಸೊಸೆಯು ಇದನ್ನು ತನ್ನ ತಂದೆತಾಯಿಗಳಿಗೆ ಹೇಳಿದಳು. ಬೀಗಿತ್ತಿಯು ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು, ಸೆರಗಿಲ್ಲದ್ದರಿಂದ ಕೈವಸ್ತ್ರದಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. ಬೀಗರು ನಗಲಿಲ್ಲ, ಹೂಜಿಯಲ್ಲಿ ಉಳಿದಿದ್ದ ತಿಳಿಯನ್ನೆಲ್ಲ ಹೊಸದೊಂದು ಬಟ್ಟಲಿಗೆ ಬಗ್ಗಿಸಿ, ಅದನ್ನು ಬೀಗಿತ್ತಿಯ ಮುಂದೆ ಇಟ್ಟರು.